ಅತ್ತೆಯ ಸಡಿಲ ವಾಚು

ನಮ್ಮ ಸೋದರತ್ತೆಯ ಎಡ ಮಣಿಕಟ್ಟಿನ ಸುತ್ತ ಒಂದು ಬೆಳ್ಳನೆಯ ಪಟ್ಟೆ ಇತ್ತು. ಉಳಿದ ಕೈಯೆಲ್ಲ ಬಿಸಿಲಿಗೆ ಕಂದಿದ್ದರೂ ಅಷ್ಟು ಜಾಗ ಮಾತ್ರ ಎಳೆಮಗುವಿನ ಚರ್ಮದ ಹಾಗೆ. ಕಪ್ಪು ಬೆಲ್ಟಿನ ವಾಚೊಂದು ವರ್ಷಗಟ್ಟಲೆ ಅಲ್ಲಿ ಕೂತು ಮಾಡಿದ ಗುರುತು ಅದು. ಸ್ನಾನ ಮುಗಿಸಿ ಬಂದರೆ ಮೊದಲು ವಾಚು ಕೈಗೇರಬೇಕು. ಒದ್ದೆ ಕೂದಲಿಗೆ ಟವೆಲ್ ಸುತ್ತುವುದು ಆಮೇಲೆ.

ಅತ್ತೆ ನಂಜನಗೂಡಿನ ನಮ್ಮ ಮನೆಯಿಂದ ದಿನಾ ಬಸ್ಸಿನಲ್ಲಿ ತಿ. ನರಸೀಪುರಕ್ಕೆ ಹೋಗಿ ಹೈಸ್ಕೂಲ್ ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದಳು. ಬಸ್ಸು ತಡವಾದರೆ ಕಂಡಕ್ಟರನ ಮುಂದೆ ಕೈ ಚಾಚಿ ವಾಚಿನ ಗಾಜು ಕುಟ್ಟಿ ತೋರಿಸುವಳು.

"ನಿಮ್ ವಾಚು ಮುಂದ್ಕೋಡ್ತಾದೆ ಕಣ್ ಮೇಡಮ್ಮೋರೆ" ಎಂದು ಅವನು ನಗುವನು.

"ಅದಾದ್ರೂ ಓಡ್ಲಿ ಬಿಡಪ್ಪ, ನಿನ್ ಬಸ್ಸಂತೂ ಓಡಲ್ಲ."

ನಾನು ಹುಟ್ಟುವ ಮೊದಲೇ, ಮದುವೆಯಾದ ಸ್ವಲ್ಪ ಕಾಲಕ್ಕೇ, ಮಾವ ತೀರಿಕೊಂಡಿದ್ದರು. ಮನೆಯ ಹಿರಿಯರು ಸಂಪ್ರದಾಯವೆಂದು ಅತ್ತೆಯ ಬಳೆ ತೆಗೆಸಿದರು. ಯಾರೋ ವಾಚಿಗೂ ಕೈ ಹಾಕಿದಾಗ ಅಜ್ಜಿ, "ಅದಿರ್ಲಿ ಬಿಡಿ, ವಾಚೇನು ಒಡವೆಯೇ? ಸ್ಕೂಲಿಗೆ ಹೋಗ್ಬೇಕು ಮಗು" ಅಂದಿದ್ದಳಂತೆ. ಆ ಮಾತು ನಮ್ಮ ಮನೆಯಲ್ಲಿ ಕಾನೂನಾಗಿ ಉಳಿಯಿತು.

ನಿವೃತ್ತಿಯಾದ ಮೇಲೆ ಅತ್ತೆ ಮೈಸೂರಿನ ಅಂಗಡಿಯೊಂದರಲ್ಲಿ ಚಿನ್ನದ ಬಣ್ಣದ ವಿದೇಶಿ ವಾಚು ಕಂಡು ಮನಸೋತಳು. ಬೆಲೆ ಕೇಳಿ ಅಪ್ಪ ಹೌಹಾರಿದರು.

"ಅಕ್ಕ, ಇನ್ನು ಯಾವ ಬಸ್ಸು ಹಿಡೀಬೇಕು ನೀನು? ಆ ದುಡ್ಡಿಗೆ ಸ್ಕೂಟರೇ ಬರತ್ತೆ."

"ಸ್ಕೂಟರ್ ಕೈಗೆ ಹಾಕ್ಕೊಳ್ಳಕ್ಕಾಗತ್ತೇನೋ?"

ಬಾಯಲ್ಲಿ ಗೆದ್ದರೂ ಒಳಗೆ ಅಳುಕಿತ್ತು. ತನಗೊಂದು ಒಳ್ಳೆಯ ಸೀರೆ ಕೊಂಡರೂ ಬೆಲೆ ಕಮ್ಮಿ ಮಾಡಿ ಹೇಳುವ ಹೆಂಗಸು ಅವಳು. ಬೆಳಿಗ್ಗೆ "ತೊಗೊಂಡೇಬಿಡ್ತೀನಿ" ಅನ್ನುವಳು, ಸಂಜೆಗೆ "ಈ ವಯಸ್ಸಲ್ಲಿ ಯಾಕೆ ಬೇಕು ಹೇಳು" ಅನ್ನುವಳು. ಇದನ್ನು ಕೇಳಿ ಕೇಳಿ ಸಾಕಾಗಿ, "ಇನ್ನೊಂದ್ಸಲ ನೋಡ್ಕೊಂಡಾದ್ರೂ ಬರೋಣ ಬಾ" ಎಂದು ನಾನೇ ಎಳೆದುಕೊಂಡು ಹೋದೆ.

ಅಂಗಡಿಯವನು ವಾಚಿನೊಳಗಿನ ಯಂತ್ರದ ಗುಣಗಾನ ಮಾಡುತ್ತಿದ್ದ. ಅತ್ತೆ ಮುಳ್ಳುಗಳ ಕಡೆ ನೋಡಲೇ ಇಲ್ಲ. ಕೈಗೆ ಹಾಕಿಸಿಕೊಂಡು ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದಳು. ಚೈನು ದೊಡ್ಡದಿತ್ತು. ವಾಚು ಮೊಣಕೈ ಕಡೆ ಜಾರಿ, ಕಿಣಿ ಎಂದು ಮಣಿಕಟ್ಟಿಗೆ ವಾಪಸ್ಸು ಬಂತು.

"ಲೂಸಾಯ್ತು ಮೇಡಂ. ಎರಡು ಕೊಂಡಿ ತೆಗೆದು ಬಿಗಿ ಮಾಡ್ಕೊಡ್ತೀನಿ."

"ಬೇಡಪ್ಪ, ಹೀಗೇ ಕೊಡಿ" ಎಂದು ಅತ್ತೆ ಪರ್ಸು ತೆಗೆದಳು.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೈ ಆಡಿಸುತ್ತಲೇ ಇದ್ದಳು. ನಂಜನಗೂಡು ಹತ್ತಿರವಾದಾಗ ನನಗೆ ಅರ್ಥವಾಯಿತು.

"ಬಳೇನೇ ಹಾಕ್ಕೋಬಹುದಿತ್ತಲ್ಲ ಅತ್ತೆ. ಈಗ ಯಾರು ಕೇಳ್ತಾರೆ?"

"ಯಾರೂ ಕೇಳಲ್ಲ, ಗೊತ್ತು ಕಣೇ" ಎಂದಳು ಕಿಟಕಿಯಾಚೆ ನೋಡುತ್ತ. "ಬಳೆ ಅಂಗಡಿ ಮುಂದೆ ನಿಂತ್ರೆ ಕೈ ತಾನಾಗೇ ಸೆರಗಿನೊಳಗೆ ಹೋಗ್ಬಿಡತ್ತೆ. ವಾಚಿಗಾದ್ರೆ ನಿಮ್ಮಜ್ಜಿ ಅಪ್ಪಣೆ ಇದೆಯಲ್ಲ."

ಬಳೆ ಹಾಕು ಎಂದರೆ ಅಮ್ಮನ ಮೇಲೆ ಸಿಡುಕುತ್ತಿದ್ದವಳು ನಾನು. ಅವತ್ತು ಅತ್ತೆಯ ಕೈ ಹಿಡಿದುಕೊಂಡೇ ಮನೆಗೆ ಬಂದೆ.

ಆಮೇಲೆ ಅತ್ತೆ ಮನೆಯಲ್ಲಿ ಎಲ್ಲಿದ್ದಾಳೆಂದು ಕಿವಿಗೇ ತಿಳಿಯುತ್ತಿತ್ತು. ಬೆಳಿಗ್ಗೆ ಅಡುಗೆಮನೆಯಲ್ಲಿ ಕಿಣಿ ಎಂದರೆ, ದುಬಾರಿ ಎಂದು ಗೊಣಗಿದ್ದ ಅಪ್ಪನೇ ಹಾಸಿಗೆಯಿಂದ "ಅಕ್ಕಾ, ಕಾಫಿ ಆಯ್ತಾ?" ಎಂದು ಕೂಗುವರು.

ಹೋದ ವರ್ಷ ಅತ್ತೆ ತೀರಿಕೊಂಡಳು. ಅವಳಿಲ್ಲದ ಮನೆ ನನಗಿನ್ನೂ ಒಗ್ಗಿಲ್ಲ. ಕಾರ್ಯಗಳೆಲ್ಲ ಮುಗಿದ ಮೇಲೆ ಅಪ್ಪ ವಾಚನ್ನು ನನಗೆ ಕೊಟ್ಟು, "ಬಿಗಿ ಮಾಡಿಸ್ಕೋ, ಬಿದ್ದುಹೋಗತ್ತೆ" ಎಂದರು. ನನ್ನ ಕೈ ಅತ್ತೆಯದಕ್ಕಿಂತ ಸಣ್ಣದು. ಆದರೂ ಮಾಡಿಸಿಲ್ಲ.

ಬೆಳಿಗ್ಗೆ ಹಾಲಿನ ಪಾತ್ರೆ ಇಳಿಸುವಾಗ ಅದು ಜಾರಿ ಸದ್ದು ಮಾಡುತ್ತದೆ. ಒಳಗಿನಿಂದ ಅಪ್ಪ, ಅರೆನಿದ್ದೆಯಲ್ಲಿ, "ಅಕ್ಕಾ, ಕಾಫಿ ಆಯ್ತಾ?" ಎನ್ನುತ್ತಾರೆ.

ನಾನು ತಿದ್ದುವುದಿಲ್ಲ. "ಆಯ್ತು, ತರ್ತೀನಿ" ಎನ್ನುತ್ತೇನೆ.