ಸಕ್ರಪ್ಪನ ಎಲ್‌ಎಲ್‌ಆರ್ ಅರ್ಜಿ

ನಜಮಾಗೆ ಮರೆವು ಎಂಬುದನ್ನು ದೇವರು ಕೊಟ್ಟೇ ಇಲ್ಲ. ಮೂರನೇ ಇಯತ್ತೆಯಲ್ಲಿ ತನ್ನ ಜಡೆ ಎಳೆದವಳ ಹೆಸರನ್ನು ಈಗಲೂ ಹಲ್ಲು ಕಡಿದೇ ಹೇಳುತ್ತಾಳೆ. ಅಂಥವಳು ಗದಗಿನಲ್ಲಿ, ಲೈಸೆನ್ಸ್ ಮಾಡಿಸಿಕೊಡುವ ಏಜೆಂಟ್ ಸಕ್ರಪ್ಪನ ಮೇಜಿಗೆ ಸರಿಯಾಗಿ ಮುಖ ಮಾಡಿ ಕಂಪ್ಯೂಟರ್ ಅಂಗಡಿ ಹಾಕಿದಳೆಂದರೆ ಬಾಡಿಗೆ ಕಡಿಮೆ ಎಂದು ಹಾಕಿದ್ದಲ್ಲ. ಅವನ ಹೊಟ್ಟೆಯ ಮೇಲೆ ಹೊಡೆಯಬೇಕೆಂದೇ ಹಾಕಿದ್ದು.

ಅವಳ ತಂದೆ ಫಕೀರಸಾಬ ಮುಂಡರಗಿಯವರೊಬ್ಬರ ಲಾರಿಯಲ್ಲಿ ಕ್ಲೀನರ್ ಆಗಿದ್ದ. ಗದಗ ಬೇರೆ ಜಿಲ್ಲೆಯಾದ ಮರುವರ್ಷ, ಲೈಸೆನ್ಸ್ ಮಾಡಿಸಿಕೊಂಡು ಬಂದರೆ ಸ್ಟೇರಿಂಗ್ ನಿನ್ನ ಕೈಗೇ ಕೊಡುತ್ತೇನೆಂದು ಮಾಲೀಕ ಮಾತು ಕೊಟ್ಟ. ಫಕೀರಸಾಬ ಒಗೆದ ಅಂಗಿ ತೊಟ್ಟು ಸಕ್ರಪ್ಪನ ಮುಂದೆ ನಿಂತ.

“ಸಾಲಿ ಕಲೀದವರಿಗೆ ಲೈಸೆನ್ಸ ಕೊಡೂದಿಲ್ಲೋ. ಸರ್ಕಾರದ ರೂಲ್ಸ ಐತಿ” ಎಂದು ಸಕ್ರಪ್ಪ ಕಳಿಸಿಬಿಟ್ಟ.

ತಿಂಗಳೊಳಗೆ ಅದೇ ಲಾರಿಯ ಸ್ಟೇರಿಂಗ್ ಹಿಡಿದವನು ಸಕ್ರಪ್ಪನ ತಂಗಿಯ ಗಂಡ ಹುಲಗಪ್ಪ. ಫಕೀರಸಾಬ ಮುದುಕನಾಗುವವರೆಗೂ ಆ ಲಾರಿಯ ಹಿಂದೆ ನಿಂತು “ಬರ್ಲಿ, ಬರ್ಲಿ” ಎಂದು ಕೂಗುತ್ತ ಉಳಿದ. ಅಕ್ಷರ ಬರದ ತಪ್ಪು ತನ್ನದೇ, ಇನ್ನೊಬ್ಬರಿಗೆ ಏನು ಅನ್ನುವುದು ಎನ್ನುತ್ತಿದ್ದ. ನಜಮಾ ಹಾಗೆನ್ನಲಿಲ್ಲ.

ಅಂಗಡಿ ತೆರೆದ ಮೊದಲ ವಾರವೇ ಯಾರದೋ ಎಲ್‌ಎಲ್‌ಆರ್ ಅಂದರೆ ಕಲಿಕಾ ಲೈಸೆನ್ಸಿನ ಅರ್ಜಿ ತುಂಬುವಾಗ, ವಿದ್ಯಾರ್ಹತೆಯ ಪಟ್ಟಿಯಲ್ಲಿ ‘ಅನಕ್ಷರಸ್ಥ’ ಎಂಬುದೂ ಅವಳ ಕಣ್ಣಿಗೆ ಬಿತ್ತು. ಹಾಗಾದರೆ ತಂದೆಗೆ ಹೇಳಿದ್ದು ಯಾವ ರೂಲ್ಸು? ಹಳೆಯ ನಿಯಮ ಬಲ್ಲ ನಿವೃತ್ತ ಗುಮಾಸ್ತರೊಬ್ಬರನ್ನು ಹುಡುಕಿಕೊಂಡು ಹೋಗಿ ಕೇಳಿದಳು. ತಂದೆ ಲೈಸೆನ್ಸ್ ಕೇಳಲು ಹೋದ ವರ್ಷ ಅಂಥ ನಿಯಮವೇ ಇರಲಿಲ್ಲ ಎಂದರು ಅವರು. ಮನೆಗೆ ಬಂದು ತಂದೆಗೆ ಹೇಳಲು ಬಾಯಿ ತೆರೆದವಳು ಹಾಗೇ ಮುಚ್ಚಿದಳು. ಸಕ್ರಪ್ಪನೇ ಬಂದು ತಂದೆಯ ಮುಂದೆ ಬಾಯಿಬಿಡಬೇಕು, ಅಲ್ಲಿಯವರೆಗೆ ಬೇಡ ಎಂದು ಹಟ ಹಿಡಿದಳು.

ಅಲ್ಲಿಂದ ಶುರುವಾಯಿತು. ಬಂದವರಿಗೆಲ್ಲ ಮೊಬೈಲಿನಲ್ಲೇ ಅರ್ಜಿ ಹಾಕುವುದನ್ನು ಕಲಿಸಿದಳು. ರಸ್ತೆ ಚಿಹ್ನೆಗಳ ಚಿತ್ರ ಗೋಡೆಗೆ ಅಂಟಿಸಿ, ಒಂದೊಂದನ್ನೂ ಬಾಯಿಪಾಠ ಮಾಡಿಸಿದ ಮೇಲೆಯೇ ಪರೀಕ್ಷೆಗೆ ಕೂರಿಸಿದಳು. ಅವಳ ಕಡೆ ಹೋದರೆ ಪಾಸು ಎಂಬ ಮಾತು ಲಕ್ಕುಂಡಿ, ಶಿರಹಟ್ಟಿಯವರೆಗೂ ಹಬ್ಬಿತು. ಸಕ್ರಪ್ಪ ನೊಣ ಹೊಡೆಯುತ್ತ ಕೂತ. ಅವನ ಖಾಲಿ ಬೆಂಚು ನೋಡುತ್ತ ಕುಡಿದ ಚಹಾ ಅವಳಿಗೆ ಬಲು ರುಚಿ.

ನಾಲ್ಕನೇ ವರ್ಷ ಸಕ್ರಪ್ಪ ಮೇಜು ಎತ್ತಿ ಧಂದೆ ನಿಲ್ಲಿಸಿದ. ಹಾಲಿನ ಗಾಡಿ ಓಡಿಸುವ ಕೆಲಸವೊಂದು ಸಿಗುವಂತಿತ್ತು, ಆದರೆ ಊರಿಗೆಲ್ಲ ಲೈಸೆನ್ಸ್ ಮಾಡಿಸಿದವನ ಹತ್ತಿರ ತನ್ನದೇ ಇರಲಿಲ್ಲ. ಈಗ ಪರೀಕ್ಷೆಯೂ ಆನ್‌ಲೈನ್, ಕ್ಯಾಮೆರಾ ಮುಖವನ್ನೇ ನೋಡುತ್ತಿರುತ್ತದೆ. ಉತ್ತರ ಹೇಳಿಕೊಡುವವರು ಪಕ್ಕದಲ್ಲಿರಬೇಕೆಂಬ ರೂಢಿಯವನು, ಪ್ರಶ್ನೆ ಬಂದಾಗಲೆಲ್ಲ ಅತ್ತಿತ್ತ ತಿರುಗಿ ಬೇರೆ ಅಂಗಡಿಯಲ್ಲಿ ಎರಡು ಸಲ ಫೇಲಾದ. ಕೊನೆಗೆ ನಜಮಾಳ ಅಂಗಡಿಗೇ ಬಂದ.

“ನಜಮಾ, ನೀನ ಕಲಿಸಿ ಪಾಸ ಮಾಡಿಸವಾ. ಈ ಕೆಲಸಾನೂ ಹೋದ್ರ ಮನ್ಯಾಗ ಒಲಿ ಹತ್ತೂದಿಲ್ಲ.”

“ಕುಂಡ್ರಿ ಕಾಕಾ” ಎಂದು ನಜಮಾ ತಂದೆಗೆ ಫೋನ್ ಮಾಡಿ ಕರೆಸಿದಳು. ಅವನು ಬರುವವರೆಗೆ ಹೆಸರು, ವಿಳಾಸಗಳನ್ನು ಬೇಕೆಂದೇ ನಿಧಾನವಾಗಿ ತುಂಬಿದಳು. ಫಕೀರಸಾಬ ಬಂದು ಸ್ಟೂಲಿನ ಮೇಲೆ ಕೂತ ಮೇಲೆ ವಿದ್ಯಾರ್ಹತೆಯ ಪಟ್ಟಿ ತೆರೆದು ಬೆರಳಿಟ್ಟು ತೋರಿಸಿದಳು.

“ಇದನ್ನ ಜೋರಾಗಿ ಓದ್ರಿ.”

“ಅನಕ್ಷರಸ್ಥ.”

“ಅವತ್ತ ಅಬ್ಬಾಗ ಏನ ಹೇಳಿ ಕಳಿಸಿದ್ರಿ?”

ಸಕ್ರಪ್ಪನಿಗೆ ತಿಳಿಯಿತು. ಎದ್ದು ಹೋಗಬಹುದಿತ್ತು, ಆದರೆ ಅರ್ಜಿ ಅರ್ಧಕ್ಕೆ ನಿಂತಿತ್ತು.

“ಸುಳ್ಳ ಹೇಳಿದ್ದೆ ಫಕೀರಣ್ಣಾ. ಅಂಥಾ ರೂಲ್ಸ ಇದ್ದಿದ್ದಿಲ್ಲ. ತಂಗೀ ಗಂಡ ಖಾಲಿ ಕುಂತಿದ್ದ, ಅದಕ್ಕ.”

ಫಕೀರಸಾಬ ಜೀವಮಾನದಲ್ಲಿ ಯಾರ ಮೇಲೂ ದನಿ ಎತ್ತಿದವನಲ್ಲ, ಅಂದೂ ಎತ್ತಲಿಲ್ಲ. ಎದ್ದು ಬಂದು ಗೋಡೆಯ ಸ್ವಿಚ್ ಆರಿಸಿದ. ಕಂಪ್ಯೂಟರ್ ಕಪ್ಪಾಯಿತು.

“ನಂಗ ತಲಿನ ಇಲ್ಲಂತ ತಿಳಕೊಂಡಿದ್ನಲ್ಲೋ, ಸಕ್ರಪ್ಪಾ. ನಡಿ ಇಲ್ಲಿಂದ.”

ಸಕ್ರಪ್ಪ ಆಧಾರ್ ಕಾರ್ಡು ಎತ್ತಿಕೊಂಡು ಹೊರಟುಹೋದ. ನಜಮಾಗೆ ಹಬ್ಬದ ದಿನವೂ ಅಷ್ಟು ಖುಷಿಯಾದದ್ದಿಲ್ಲ. ತಂದೆ ಏನಾದರೂ ಅನ್ನಲಿ ಎಂದು ಅವನ ಮುಖವನ್ನೇ ನೋಡಿದಳು.

“ನಿನಗ ಯಾವಾಗ ಗೊತ್ತಾತು?”

“ಅಂಗಡಿ ತಗದ ಮೊದಲನೇ ವಾರನ, ಅಬ್ಬಾ. ಅವನ ಬಾಯಿಲೇ ಹೇಳಸಬೇಕಂತ ಕಾದೆ.”

ಫಕೀರಸಾಬ ಬಾಗಿಲಿನವರೆಗೆ ಹೋಗಿ ಚಪ್ಪಲಿ ಮೆಟ್ಟಿದ.

“ನಿಮ್ಮವ್ವ ತೀರಿಕೊಂಡು ಎರಡ ವರ್ಷ ಆತು. ಸಾಯೂ ತನಕ ನನ್ನ ದಡ್ಡ ಅಂತನ ಅಂದ್ಲು. ಆಕಿಗರ ಹೇಳಬೇಕಿತ್ತು ನೀ.”

ಅಷ್ಟು ಹೇಳಿ ಅವನು ಬೆಟಗೇರಿಯ ಮನೆಯ ದಾರಿ ಹಿಡಿದ, ಮಗಳು ಕರೆದರೂ ತಿರುಗಲಿಲ್ಲ.