ಬಸ್ಸು ಹತ್ತಗೊಡದ ಅತ್ತೆ

ಕಳೆದ ಸೋಮವಾರ ಗಡಿಯಂಚಿನ ಪಣಕಹಳ್ಳಿಯಲ್ಲಿ ತಾಳವಾಡಿ ಬಸ್ಸು ನಮ್ಮ ಪಕ್ಕದಲ್ಲೇ ಬಂದು ನಿಂತಿತು. ಸೀಟೂ ಖಾಲಿ ಇತ್ತು. ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ. ನನ್ನ ಅತ್ತೆ ಕಂಡಕ್ಟರಿಗೆ ತಮಿಳಿನಲ್ಲಿ "ನೀ ಪೋಪ್ಪಾ" ಅಂದು, ನನ್ನ ಕಡೆ ತಿರುಗಿ, "ಬನ್ನಿ ಅಳಿಮಯ್ಯ, ನಡ್ಕಂಡೇ ಓಗುಮಾ" ಅಂದರು.

ಬಸ್ಸು ಹೋಯಿತು. (ಕಂಡಕ್ಟರ್ ನಕ್ಕಿದ್ದು ಕೇಳಿಸಿತು.)

ಮೂರು ವರ್ಷದ ಕೆಳಗೆ ಇದೇ ಅತ್ತೆ ನನಗೆ ಒಂದು ಬಿಂದಿಗೆ ನೀರು ಸೇದಲೂ ಬಿಡುತ್ತಿರಲಿಲ್ಲ ಅಂದರೆ ನಂಬುತ್ತೀರಾ?

ಮದುವೆಯಾದ ಮರುವರ್ಷವೇ ನನಗೆ ಸಕ್ಕರೆ ಕಾಯಿಲೆ ಬಂತು. ಆಗ ಇಪ್ಪತ್ತನಾಲ್ಕು. ದಿನಾ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಜೀವ ಉಳಿಯದು ಅನ್ನುವ ಜಾತಿಯದು. ಸುದ್ದಿ ಕೇಳಿ ತಿಗನಾರೆಯಿಂದ ಬಂದ ಅತ್ತೆ ವಾಪಸ್ ಹೋಗಲೇ ಇಲ್ಲ. ಮಗಳ ಬಾಳು ಏನಾಗುತ್ತದೋ ಅನ್ನುವ ಹೆದರಿಕೆ. ಗಾಜಿನ ಸಿರಿಂಜು ಕುದಿಸುವುದು ಅವರದೇ ಕೆಲಸವಾಯಿತು. ನಾನು ಪಾಠ ಹೇಳುವ ಸ್ಕೂಲಿಗೂ ಎತ್ತಿನ ಗಾಡಿ.

"ಉಸಾರಿಲ್ದೋರು ಸುಮ್ನೆ ಕೂತ್ಕಬೇಕು."

ಕೂತೆ. ಕೂತಷ್ಟೂ ಸಕ್ಕರೆ ಏರಿತು. ಚಾಮರಾಜನಗರದ ಡಾಕ್ಟರು ಗದರಿದರು: "ಈ ವಯಸ್ಸಿಗೇ ಮೂಲೆ ಹಿಡಿದರೆ ಹೇಗ್ರೀ? ಇನ್ಸುಲಿನ್ ಜೊತೆಗೆ ದಿನಾ ನಡೀಬೇಕು."

ಮಾರನೇ ಬೆಳಿಗ್ಗೆ ಇಂಜೆಕ್ಷನ್ ತಗೊಂಡು, ತಿಂಡಿ ಬಿಟ್ಟು, ಅತ್ತೆ ಕೊಟ್ಟಿಗೆಯಲ್ಲಿದ್ದಾಗ ಕಳ್ಳನ ಹಾಗೆ ಹೊರಟೆ. (ಶುದ್ಧ ಪೆದ್ದತನ.) ಜೋಳದ ಹೊಲ ದಾಟುವಷ್ಟರಲ್ಲಿ ಕೈ ನಡುಗಿತು. ಮೈಯೆಲ್ಲ ಬೆವರು. ಕಣ್ಣು ಮಂಜಾಯಿತು. ದಾರಿ ಬದಿಯಲ್ಲೇ ಕುಸಿದೆ.

ಹುಡುಕಿಕೊಂಡು ಓಡಿಬಂದ ಅತ್ತೆ ಸೆರಗಿನ ಗಂಟು ಬಿಚ್ಚಿ ಬಾಯಿಗೆ ಬೆಲ್ಲ ಹಾಕಿದರು. ಸಕ್ಕರೆ ಇಳಿದರೆ ಸಿಹಿ ಕೊಡಿ ಅಂತ ಡಾಕ್ಟರು ಹೇಳಿದ್ದನ್ನು ನನಗಿಂತ ಚೆನ್ನಾಗಿ ಕೇಳಿಸಿಕೊಂಡಿದ್ದವರು ಅವರೇ.

ಸ್ವಲ್ಪ ಹೊತ್ತಿಗೆ ಸುಧಾರಿಸಿಕೊಂಡೆ. ಇನ್ನು ನನಗೆ ಮನೆಯೇ ಜೈಲು ಅಂದುಕೊಂಡೆ. ಅತ್ತೆ ಪಕ್ಕದಲ್ಲಿ ಕೂತು ಉಳಿದ ಬೆಲ್ಲವನ್ನು ಮತ್ತೆ ಸೆರಗಿಗೆ ಗಂಟು ಹಾಕಿಕೊಂಡರು.

"ನಡೀಲೇಬೇಕಾ ಅಳಿಮಯ್ಯ?"

"ನಡೆದರೆ ಒಳ್ಳೇದಂತೆ ಅತ್ತೆ. ಕೂತು ಕೂತು ನನಗೂ ಸಾಕಾಗಿದೆ."

"ಅಂಗಾರೆ ಉಂಡ್ಬುಟ್ಟು ನಡೀರಿ. ಬೆಲ್ಲ ಇಡ್ಕಂಡು ನಾನೂ ಬತ್ತೀನಿ."

ಅವತ್ತಿನಿಂದ ದಿನಾ ರಾಗಿ ರೊಟ್ಟಿ ತಿಂದು ಹೊರಡುತ್ತೇವೆ. ಮುಂದೆ ಅತ್ತೆ, ಹಿಂದೆ ಅಳಿಯ. (ಕಾಡಿನಿಂದ ಆನೆ ಇಳಿದ ದಿನ ಮಾತ್ರ ರಜೆ.) ಮೊದಮೊದಲು ಊರು ನಕ್ಕಿತು. ನಗಲಿ ಬಿಡಿ. ಸಕ್ಕರೆ ಹತೋಟಿಗೆ ಬಂತು, ಮೈ ಹಗುರಾಯಿತು, ನಿದ್ದೆ ಹತ್ತಿತು. ಇನ್ಸುಲಿನ್ ಬಿಟ್ಟಿಲ್ಲ, ಬಿಡುವಂತೆಯೂ ಇಲ್ಲ. ಡಾಕ್ಟರೇ ನೋಡಿ ಪ್ರಮಾಣ ಸ್ವಲ್ಪ ಇಳಿಸಿದ್ದಾರೆ, ಅಷ್ಟೆ.

ಆ ಸೋಮವಾರ ನಡೆದೇ ತಾಳವಾಡಿ ತಲುಪಿದಾಗ ಹಳೆಯ ಕ್ಲಾಸ್‌ಮೇಟ್ ಒಬ್ಬ ಸಿಕ್ಕಿದ. ಗಟ್ಟಿಮುಟ್ಟಾದ ಆಳು. "ಪಾಪ ಕಣ್ಲಾ, ಈ ವಯಸ್ಗೇ ನಿಂಗೆ ಕಾಯ್ಲೆ" ಅಂತ ಮರುಗಿದ. ಆಮೇಲೆ ರಸ್ತೆಯ ಆಚೆ ಬದಿಯ ಟೀ ಅಂಗಡಿಗೆ ಹೋಗಲು ಸ್ಕೂಟರ್ ಸ್ಟಾರ್ಟ್ ಮಾಡಿದ.

ಅವನು ರಸ್ತೆ ದಾಟುವುದನ್ನೇ ನೋಡುತ್ತಿದ್ದ ಅತ್ತೆ ಮೆಲ್ಲಗೆ ಕೇಳಿದರು: "ಪಾಪ, ಅವರ್ಗೆ ಏನ್ ಕಾಯ್ಲೆ ಅಳಿಮಯ್ಯ?"