ಹನ್ನೆರಡನೇ ತಾರೀಖಿನ ಹಾಲು

ಮರ್ವಿನ್ ಬೀಕಮ್‌ನ ಮೂವತ್ತು ಹಸುಗಳು ಮೇಯುವ ಹುಲ್ಲುಗಾವಲಿನ ಕೊನೆಗೆ ಒಂದು ಹಳ್ಳ. ಈಚೆ ದಡ ಬ್ರಿಟನ್ನಿನ ರಾಣಿಯದು, ಆಚೆ ದಡ ಐರ್ಲೆಂಡ್ ಗಣರಾಜ್ಯದ್ದು. ದಾಟಲು ಎರಡು ಹಲಗೆ. ಆಚೆ ಫೆಲಿಮ್ ಮೆಕ್‌ಗವರ್ನ್‌ನ ಮನೆ, ಕೊಟ್ಟಿಗೆ. ಇಬ್ಬರಿಗೂ ಅರವತ್ತು ದಾಟಿತ್ತು.

ಮರ್ವಿನ್ ಪ್ರಾಟೆಸ್ಟಂಟ್, ಫೆಲಿಮ್ ಕ್ಯಾಥೊಲಿಕ್. ಪ್ರತಿ ಜುಲೈ ಹನ್ನೆರಡರಂದು ಮರ್ವಿನ್ ಕೊರಳಿಗೆ ಕಿತ್ತಳೆ ಪಟ್ಟಿ ಹಾಕಿಕೊಂಡು ಮೆರವಣಿಗೆಗೆ ಹೋಗುತ್ತಿದ್ದ. ಮುನ್ನೂರು ವರ್ಷದ ಹಿಂದಿನ ಯುದ್ಧದಲ್ಲಿ ಅವನವರು ಫೆಲಿಮ್‌ನವರನ್ನು ಗೆದ್ದ ನೆನಪಿನ ಮೆರವಣಿಗೆ ಅದು. ಆ ಸಂಜೆ ಅವನ ಹಸುಗಳ ಹಾಲು ಕರೆಯುತ್ತಿದ್ದವನು ಫೆಲಿಮ್. ಆಗಸ್ಟ್ ಹದಿನೈದಕ್ಕೆ ಫೆಲಿಮ್ ಮಾತೆ ಮೇರಿಯ ಯಾತ್ರೆಗೆ ಹೋದರೆ ಅವನ ಕೊಟ್ಟಿಗೆಗೆ ಮರ್ವಿನ್. ಮೂವತ್ತೊಂದು ವರ್ಷ ಹೀಗೇ ನಡೆದಿತ್ತು. ಬಾ ಎಂದು ಹೇಳಿದವರಿಲ್ಲ, ಬಂದಿದ್ದೆ ಎಂದು ಹೇಳಿಕೊಂಡವರೂ ಇಲ್ಲ. ಎರಡು ಪಂಗಡಗಳ ನಡುವೆ ಗುಂಡು ಹಾರುತ್ತಿದ್ದ ಕಾಲದಲ್ಲಿ ಇಂಥದ್ದಕ್ಕೆ ಬಾಯಿಬಿಟ್ಟರೆ ಕೊಟ್ಟಿಗೆಗೆ ಬೆಂಕಿ ಬೀಳುತ್ತಿತ್ತು. ಆ ಕಾಲ ಹೋದರೂ ಬಾಯಿ ಮುಚ್ಚಿಕೊಂಡಿರುವ ಅಭ್ಯಾಸ ಹೋಗಲಿಲ್ಲ.

2018ರ ಜೂನ್. ಬ್ರಿಟನ್ ಯುರೋಪಿನ ಒಕ್ಕೂಟ ಬಿಡುವ ಷರತ್ತುಗಳ ಚೌಕಾಸಿ ವರ್ಷದಿಂದ ನಡೆದಿತ್ತು. ಅದು ಬಂದು ಸಿಕ್ಕಿಕೊಂಡದ್ದು ಇದೇ ಗಡಿಯಲ್ಲಿ, ಇಲ್ಲಿ ಮತ್ತೆ ತಪಾಸಣೆ ಬೇಕೇ ಬೇಡವೇ ಎಂಬಲ್ಲಿ. ಒಂದು ಬೆಳಿಗ್ಗೆ ಒಪ್ಪಂದ ಬರೆಯುವ ಅಧಿಕಾರಿಗಳ ಗುಂಪೊಂದು ಟಿವಿಯವರನ್ನು ಕಟ್ಟಿಕೊಂಡು ಹಳ್ಳ ನೋಡಲು ಬಂತು.

"ಆಚೆ ಕಡೆಗೂ ನಿಮಗೂ ಏನು ಸಂಬಂಧ, ಮಿಸ್ಟರ್ ಬೀಕಮ್?" ಎಂದು ಅಧಿಕಾರಿಣಿಯೊಬ್ಬಳು ಕೇಳಿದಳು.

ಅಕ್ಕ ಐರಿಸ್ ತೀರಿಕೊಂಡ ಮೇಲೆ ಮರ್ವಿನ್‌ನನ್ನು ಯಾರೂ ಹೀಗೆ ನಿಂತು ಕೇಳಿರಲಿಲ್ಲ. ಅವನು ಮಾತಾಡಿಬಿಟ್ಟ.

"ಹನ್ನೆರಡನೇ ತಾರೀಖು ನಾನು ಮೆರವಣಿಗೇಲಿ ಇರ್ತೀನಿ, ಮೇಡಂ. ಆಚೆ ಮನೆ ಫೆಲಿಮ್ ಬಂದು ನನ್ನ ಹಸು ಕರೀತಾನೆ. ಅದನ್ನ ನಿಮ್ಮ ಒಪ್ಪಂದದಲ್ಲಿ ಯಾವ ಪುಟದಲ್ಲಿ ಬರೀತೀರಿ?"

ಎಲ್ಲರೂ ನಕ್ಕರು. ಆಕೆ ಕೈ ಕುಲುಕಿದಳು. ಆ ಸಂಜೆಯೇ ಅದು ಟಿವಿಯಲ್ಲಿ ಬಂತು.

ಮೂರು ದಿನದ ಮೇಲೆ ಹಾಲಿನ ಟ್ಯಾಂಕರ್ ಓಡಿಸುವ ಡೆಸ್ಸಿ ಪೈಪು ಜೋಡಿಸುತ್ತಾ ಹೇಳಿದ: "ಏನ್ ಕೆಲಸ ಮಾಡಿದೆ ಮಾರಾಯ! ಆಚೆ ಪಬ್ಬಲ್ಲಿ ಫೆಲಿಮ್‌ಗೆ ಹೆಸರೇ ಇಟ್ಟಿದ್ದಾರೆ, ರಾಣಿಯ ಹಾಲಿನವನು ಅಂತ."

"ನಾನು ಒಳ್ಳೇದನ್ನೇ ಅಲ್ವೇನೋ ಹೇಳಿದ್ದು?"

"ಒಳ್ಳೇದನ್ನ ಯಾರಾದ್ರೂ ಟಿವಿಲಿ ಹೇಳ್ತಾರಾ?"

ಮರ್ವಿನ್ ಎರಡು ಸಲ ಹಲಗೆಯವರೆಗೆ ಹೋಗಿ ಹಿಂತಿರುಗಿದ. ಕ್ಷಮಿಸು ಎನ್ನಲು ಅದೇ ಮಾತನ್ನು ಮತ್ತೆ ಎತ್ತಬೇಕಿತ್ತು. ಈ ಸಲ ಬರುತ್ತೀಯಾ ಎಂದು ಕೇಳುವುದಂತೂ ಆಗದ ಮಾತು.

ಹನ್ನೆರಡರಂದು ಬೆಳಗಿನ ಹಾಲು ಕರೆದು ಹೋದ. ನಗಾರಿ, ಬಾವುಟ, ಹೆಜ್ಜೆ, ಯಾವುದರಲ್ಲೂ ಮನಸ್ಸಿರಲಿಲ್ಲ. ಸಂಜೆ ಬಸ್ಸು ಇಳಿದಾಗಲೇ ಹಸುಗಳ ಕೂಗು ಕೇಳಿಸಿತು. ಅವು ಗೇಟಿಗೆ ಒತ್ತಿಕೊಂಡು ನಿಂತಿದ್ದವು. ಕೆಚ್ಚಲು ಬಿಗಿದು ಹಾಲು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಕೊರಳ ಪಟ್ಟಿ ತೆಗೆಯದೆಯೇ ಅವನು ಯಂತ್ರ ಹಚ್ಚಿದ.

ಆಗಸ್ಟ್ ಹದಿನೈದು ಬಂತು. ಸಂಜೆ ಐದಕ್ಕೆ ಅವನು ಹಲಗೆ ದಾಟಿದ. ಫೆಲಿಮ್‌ನ ಕೊಟ್ಟಿಗೆಯಲ್ಲಿ ಯಂತ್ರದ ಸದ್ದು ಆಗಲೇ ಕೇಳುತ್ತಿತ್ತು. ಹಸುಗಳ ನಡುವೆ ಫೆಲಿಮ್ ಇದ್ದ.

"ಯಾತ್ರೆಗೆ ಹೋಗ್ಲಿಲ್ವೇನೋ?"

"ಇಲ್ಲ."

"ನಾನು ಬರ್ತಿರ್ಲಿಲ್ವಾ?"

"ಬರ್ತೀಯ ಅಂತ ಗೊತ್ತಿತ್ತು. ಅದಕ್ಕೇ ಹೋಗ್ಲಿಲ್ಲ."

ಮರ್ವಿನ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. "ಆಯಮ್ಮ ಕೇಳಿದ್ಲು, ಹೇಳ್ಬಿಟ್ಟೆ ಕಣೋ."

"ನನ್ನ ಕೇಳಿದ್ರೆ ನಾನೂ ಹೇಳ್ತಿದ್ನೋ ಏನೋ. ಆದ್ರೆ ಮಗಳ ಮಾವ ನಮ್ಮನೆಗೆ ಕಾಲಿಡದೆ ಎರಡು ತಿಂಗಳಾಯ್ತು. ಅವರ ಒಪ್ಪಂದ ಅದೇನೋ ಮುಗೀಲಿ ಮರ್ವಿನ್. ಆಮೇಲೆ ನೋಡೋಣ."

"ಅದು ಯಾವ ಕಾಲಕ್ಕೋ!"

"ನಿನ್ನ ಕೇಳೋಕೆ ತಾನೇ ಅವರು ಅಷ್ಟು ದೂರದಿಂದ ಬಂದಿದ್ದು? ನಿಂಗೇ ಗೊತ್ತಿರಬೇಕು."

ಇಬ್ಬರೂ ಸ್ವಲ್ಪ ನಕ್ಕರು. ಟೀ ಕುಡಿದು ಹೋಗು ಎಂದು ಫೆಲಿಮ್ ಹೇಳಲಿಲ್ಲ. ಮುಂದಿನ ಹಸುವಿನ ಕೆಚ್ಚಲು ಒರೆಸಲು ಬಗ್ಗಿದ.

ಮರುವರ್ಷ ಜುಲೈ ಹತ್ತಿರವಾದಾಗಲೂ ಒಪ್ಪಂದ ಮುಗಿದಿರಲಿಲ್ಲ. ಮೆರವಣಿಗೆಯ ಸಂಘದವರು ಬಂದು, ಬಾವುಟ ಹೊರುತ್ತೀಯಾ ಎಂದು ಕೇಳಿದರು. ಮಂಡಿ ನೋವು, ಈ ಸಲ ಬರಲಾಗದು ಎಂದ ಮರ್ವಿನ್. ಅವರು ಹೋದ ಮೇಲೆ ಎದ್ದು, ಸರಸರನೆ ನಡೆದು ಹಸುಗಳನ್ನು ಒಳಗೆ ಹೊಡೆದುಕೊಂಡು ಬಂದ.